ಗೌಡರ ದೊಡ್ಡ ಸ್ಪೀಕರ್

ಪುಟ್ಟಲಿಂಗಮ್ಮ ಕಾರುಗಳಿಗೆ ಸ್ಪೀಕರ್ ಹಾಕುವವಳು. ಅವಳ ಮಳಿಗೆಯ ಮಾಲೀಕ ರಂಗೇಗೌಡರು ತಮ್ಮ ಹಳೆಯ ಕಾರು ತಂದು ನಿಲ್ಲಿಸಿದರು.

"ಬಾಗಿಲಿಗೆ ಎಲ್ಲಕ್ಕಿಂತ ದೊಡ್ಡ ಸ್ಪೀಕರ್ ಹಾಕು."

"ದೊಡ್ಡದು ಒಳಗೆ ಅಡ್ಡ ಬರುತ್ತೆ ಗೌಡ್ರೇ, ಕಿಟಕಿ ಗಾಜು ಇಳಿಯಲ್ಲ. ಚಿಕ್ಕದು ಹಾಕ್ತೀನಿ."

"ನನಗೇ ಬುದ್ಧಿ ಹೇಳ್ತೀಯಾ? ಹಾಕು, ಇಲ್ಲಾಂದ್ರೆ ಮಳಿಗೆ ಖಾಲಿ ಮಾಡು!"

"ಆಗಲಿ. ಬಾಗಿಲು ಕೊರೆಯೋ ಮುಂಚೆ ಗಾಜು ಇಳಿಸದೆ ಒಂದು ಸುತ್ತು ಹೋಗಿ ನೋಡೋಣ."

ಗಾಜು ಇಳಿಯದಂತೆ ಬಾಗಿಲೊಳಗೆ ಅದರ ಕೆಳಗೆ ಮರದ ತುಂಡು ಸಿಕ್ಕಿಸಿದಳು. ಗೌಡರಿಗೆ ಎಲೆ ಅಡಿಕೆ ಕೊಟ್ಟು ಕೂರಿಸಿಕೊಂಡು, ಸಂತೆಬೀದಿಯ ಬಸ್ಸುಗಳ ನಡುವೆ ಕಾರು ನುಗ್ಗಿಸಿದಳು.

ಸ್ವಲ್ಪ ಹೊತ್ತಿಗೆ ಗೌಡರ ಬಾಯಿ ತುಂಬಿತು. ಉಗುಳಲು ಗಾಜು ಇಳಿಯಲಿಲ್ಲ. ಬಾಗಿಲು ತೆಗೆಯಲು ಪಕ್ಕದ ಬಸ್ಸು ಬಿಡಲಿಲ್ಲ. ತಮ್ಮ ಬಿಳಿ ಪಂಚೆ ನೋಡಿಕೊಂಡರು. ಕೆನ್ನೆಯ ಜೊತೆ ಕಣ್ಣೂ ಉಬ್ಬಿತು.

"ಚಿಕ್ಕ ಸ್ಪೀಕರ್ ಸಾಕಾ ಗೌಡ್ರೇ? ಬಾಯಿಬಿಟ್ಟು ಹೇಳಿ."

ಗೌಡರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ತಲೆಯ ಪೇಟ ಮಡಿಲಿಗೆ ಬೀಳುವಷ್ಟು ಜೋರಾಗಿ ತಲೆಯಾಡಿಸುತ್ತ ಹೂಂಗುಟ್ಟಿದರು.