ಇರುಳವ್ವ ಬುಟ್ಟಿ ಇಳಿಸಿದ ರಾತ್ರಿ

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿಟ್ಟಿರಲಿಲ್ಲ, ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ವರ್ಷವಿಡೀ ಹಗಲೂ ಇರುಳೂ ಒಂದೇ ಉದ್ದ ಇರುತ್ತಿದ್ದವು.

ಚುಕ್ಕಿಗಳನ್ನೆಲ್ಲ ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಮೂಡಣದಿಂದ ಪಡುವಣಕ್ಕೆ ನಡೆಯುವುದು ಇರುಳವ್ವನ ಕೆಲಸ. ಅವಳು ಪಡುವಣ ಮುಟ್ಟಿದ ಮೇಲೆಯೇ ಸೂರ್ಯ ಏಳಬೇಕು. ಹಬ್ಬವೆಂದು ಬಿಡುವಿಲ್ಲ, ಜ್ವರವೆಂದು ಬಿಡುವಿಲ್ಲ. ಚುಕ್ಕಿ ನೋಡಿ ಚೆಂದ ಎನ್ನುವವರೇ ಎಲ್ಲ. ಹೊತ್ತವಳ ಕುತ್ತಿಗೆ ಏನಾಯಿತೆಂದು ಕೇಳಿದವರು ಒಬ್ಬರೂ ಇಲ್ಲ.

ಒಂದು ಚಳಿಗಾಲದ ರಾತ್ರಿ, ಜೋಳದ ಹೊಲದ ಬದುವಿನ ಮೇಲೆ ಹೊನ್ನಿ, ಅವಳ ಮುದಿತಾಯಿ ನಿಂಬೆವ್ವ, ಪುಟ್ಟ ಮಗಳು ಸಿಂಗಿ ಬೆಂಕಿ ಹಾಕಿಕೊಂಡು ಆಕಾಶ ನೋಡುತ್ತ ಕೂತಿದ್ದರು. ಬೆಳಗಿನಿಂದ ತೆನೆ ಹೊತ್ತು ಹೊನ್ನಿಯ ಮೈ ಹಣ್ಣಾಗಿತ್ತು.

“ಯವ್ವಾ, ಚುಕ್ಕಿ ಯಾಕ ಅಲಗಾಡಾಕತ್ತಾವ?” ಎಂದಳು ಸಿಂಗಿ.

“ಹೊತ್ತಾಕಿ ಕುತ್ತಿಗಿ ನೋವಾಗೇತಿ, ಮಗಳ,” ಎಂದು ಹೊನ್ನಿ ಎದ್ದು ನಿಂತು ಕೂಗಿದಳು: “ಬಾರಬೇ ಯವ್ವಾ! ಬುಟ್ಟಿ ಇಳಿಸು. ಒಂದೀಟು ಮೈ ಕಾಸ್ಕೊಂಡು ಹೋಗು.”

ಇರುಳವ್ವನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆಕಾಶದಿಂದ ಬೆಂಕಿಯ ಹತ್ತಿರ ಇಳಿದು ಬಂದಳು.

“ಕುಂತರ ಕೆಟ್ಟಿ!” ಎಂದಿತು ಗಾಳಿ. “ತಿರುಗಿ ಹೊರಸಾಕ ಯಾರು ಬರತಾರ?”

ಗಾಳಿ ಹೇಳಿದ್ದೇನೂ ಸುಳ್ಳಲ್ಲ. ತುಂಬಿದ ಬುಟ್ಟಿಯನ್ನು ತಾನೇ ಎತ್ತಿ ತಲೆಗೇರಿಸಿಕೊಳ್ಳಲು ಯಾರಿಂದಾಗುತ್ತದೆ? ಇನ್ನೊಬ್ಬರು ಕೈ ಹಚ್ಚಲೇಬೇಕು.

“ನಾನಿಲ್ಲೇನು? ಇಳಿಸಿದಾಕಿ ಹೊರಸ್ತೀನಿ,” ಎಂದು ಹೊನ್ನಿ ಬುಟ್ಟಿಗೆ ಕೈ ಕೊಟ್ಟಳು.

ಇರುಳವ್ವ ಕೂತಳು. ಬೆಂಕಿಗೆ ಅಂಗಾಲು ಒಡ್ಡಿದಳು. ಹುಟ್ಟಿದಾಗಿನಿಂದ ಕೂತವಳೇ ಅಲ್ಲ; ಸುಖಕ್ಕೆ ಅಳುವೇ ಬಂತು.

ಕಾಲು ಬೆಚ್ಚಗಾಗಿ ತಿರುಗಿ ನೋಡಿದರೆ, ಹೊನ್ನಿ ಸಿಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಲ್ಲೇ ನಿದ್ದೆ ಹೋಗಿದ್ದಳು. ಬೆಂಕಿ ಬೂದಿಯಾಗುತ್ತಿತ್ತು. ನಿಂಬೆವ್ವನೊಬ್ಬಳು ಎಚ್ಚರವಿದ್ದಳು, ಆದರೆ ಅವಳ ಕೈಯಲ್ಲಿ ತಂಬಿಗೆ ಎತ್ತುವ ಶಕ್ತಿಯೂ ಇರಲಿಲ್ಲ.

ಇರುಳವ್ವ ತಾನೇ ಬುಟ್ಟಿ ಎತ್ತಲು ಹೋದಳು. ಮೊಣಕಾಲಿನಿಂದ ಮೇಲೆ ಬರಲಿಲ್ಲ.

“ಆಕಿನ್ನ ಎಬ್ಬಿಸ್ತೀನಿ ತಡಿ,” ಎಂದು ನಿಂಬೆವ್ವ ಮಗಳ ಹೆಗಲಿಗೆ ಕೈ ಚಾಚಿದಳು.

ಇರುಳವ್ವ ಹೊನ್ನಿಯ ಮುಖ ನೋಡಿದಳು. ಆ ದಣಿವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಬ್ಯಾಡಬೇ. ಮಲಗಲಿ.”

“ನೀ ಹೋಗದಿದ್ರ ಸೂರ್ಯ ಹೊಂಡಂಗಿಲ್ಲ. ಕೂಸು ಚಳಿಗೆ ಸೆಟದು ಹೋಗತೈತಿ!”

ಹೌದು, ಸಿಂಗಿಯ ತುಟಿ ನೀಲಿಯಾಗಿತ್ತು. ಇರುಳವ್ವ ತನ್ನ ಮೈಮೇಲಿದ್ದ ಕಪ್ಪು ಕಂಬಳಿ ತೆಗೆದು ಮೂವರಿಗೂ ಹೊದಿಸಿದಳು. ಸಿಂಗಿಯ ನಡುಕ ನಿಂತಿತು. ಇರುಳವ್ವ ಮಾತ್ರ ಬರಿಮೈಯಲ್ಲಿ ಮೊಣಕಾಲು ತಬ್ಬಿಕೊಂಡು ನಡುಗುತ್ತ ಕೂತಳು.

ಹೊನ್ನಿ ತಾನಾಗಿಯೇ ಎಚ್ಚೆತ್ತಾಗ ಬೆಳಗಾಗುವ ಹೊತ್ತು ಯಾವಾಗಲೋ ಮೀರಿತ್ತು.

“ಅಯ್ಯ, ನನ್ನ ಎಬ್ಬಿಸಬಾರದೇನಬೇ?”

“ನನಗ ಕುಂಡ್ರು ಅಂದಾಕಿ ನೀ ಒಬ್ಬಾಕಿ,” ಎಂದಳು ಇರುಳವ್ವ. “ನಿನ್ನ ಎಬ್ಬಿಸಾಕ ಮನಸ ಬರಲಿಲ್ಲ.”

ಹೊನ್ನಿ ಬುಟ್ಟಿ ಹೊರಿಸಿದಳು. ಇರುಳವ್ವ ನಡೆದಳು.

ಅಂದಿನಿಂದ ಚಳಿಗಾಲದ ಪ್ರತಿ ರಾತ್ರಿಯೂ ಅವಳು ಎಲ್ಲೋ ಒಂದು ಕಡೆ ಬುಟ್ಟಿ ಇಳಿಸುತ್ತಾಳೆ. ಅದಕ್ಕೇ ಚಳಿಗಾಲದ ಇರುಳು ಇಷ್ಟು ಉದ್ದ. ನೀನು ಕಣ್ಣು ಬಿಟ್ಟಾಗ ಹೊರಗೆ ಇನ್ನೂ ಕತ್ತಲಿದ್ದರೆ, ಸುಮ್ಮನೆ ಮಗ್ಗುಲು ಬದಲಿಸಿ ಮಲಗು ಮಗೂ. ದಣಿದ ತಾಯಿಯೊಬ್ಬಳು ಇನ್ನೊಂದಿಷ್ಟು ನಿದ್ದೆ ಮಾಡಲಿ ಎಂದು ಇರುಳವ್ವ ಚಳಿಯಲ್ಲಿ ಕಾದು ಕೂತಿದ್ದಾಳೆ.