ನಿಂಗಿಯ ಎಲೆ

ಹೊಳೆ ದಂಡೆಯ ಆ ಆಶ್ರಮದಲ್ಲಿ ಗುರುಗಳು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು.

ಕಲಿಯಬೇಕೆಂದು ಬಂದವರಿಗೆ ಅವರು ಮೊದಲು ಒಂದು ಕೆಲಸ ಹಚ್ಚುತ್ತಿದ್ದರು. ಸಂಕಮ್ಮ ಬಂದಾಗ ಅವಳ ಕೈಗೆ ಸೌಟು ಕೊಟ್ಟರು.

"ಬುದ್ಧಿ, ನಾನು ಅಡುಗೆ ಕಲಿಯೋಕೆ ಬಂದಿಲ್ಲ," ಎಂದಿದ್ದಳು ಸಂಕಮ್ಮ. "ನನ್ನ ತಂಗೀನ ಕೊಂದುಬಿಟ್ಟರು. ಎದೆ ಉರೀತದೆ. ಇದು ಆರೋದು ಹೇಗೆ ಅಂತ ಕೇಳೋಕೆ ಬಂದೆ."

"ಒಲೆ ಉರೀತಿದೆಯಾ ನೋಡು," ಎಂದಿದ್ದರು ಗುರುಗಳು.

ಆಮೇಲೆ ಎಷ್ಟೋ ಮಳೆಗಾಲ ಕಳೆದವು. ಒಲೆ ಉರಿಯುತ್ತಲೇ ಇತ್ತು. ಎದೆಯೂ.

ತಂಗಿಯ ಹೆಸರು ನಿಂಗಮ್ಮ. ಮನೆಯಲ್ಲಿ ನಿಂಗಿ. ಹೊಳೆಯ ಮರಳಿನಲ್ಲಿ ಸೌತೆಬಳ್ಳಿ ಹಾಕಿಕೊಂಡಿದ್ದಳು. ಒಂದು ದಿನ ದಳವಾಯಿಗಳ ಅಕ್ಕನ ಮಗ ಮುದ್ದರಾಜ ಆ ಬಳ್ಳಿಗಳ ಮೇಲೆ ಕುದುರೆ ಓಡಿಸಿದ. ನಿಂಗಿ ಓಡಿಬಂದು ಲಗಾಮು ಹಿಡಿದಳು.

ಹೆಂಗಸೊಬ್ಬಳು ತನ್ನ ಕುದುರೆ ನಿಲ್ಲಿಸಿದಳಲ್ಲ ಎಂಬ ಸಿಟ್ಟಿಗೆ ಅವನು ಅವಳನ್ನು ನೀರಿಗೆ ಎಳೆದ. ಕೈಕಾಲು ಆಡುವುದು ನಿಲ್ಲುವವರೆಗೆ ತಲೆ ಒತ್ತಿ ಹಿಡಿದ.

ನೋಡಿದವರಿದ್ದರು. ಹಾಗಾಗಿ ದಳವಾಯಿಗಳ ಆಟ ನಡೆಯಲಿಲ್ಲ. ಸಾಯುವವರೆಗೆ ಸೆರೆಮನೆ ಎಂದು ತೀರ್ಪಾಯಿತು. ವಿಚಾರಣೆ ಮುಗಿಯುವವರೆಗೂ ಮುದ್ದರಾಜ ಅವಳನ್ನು "ಆ ಹೆಂಗಸು" ಎಂದೇ ಕರೆದ. ಹೆಸರು ಅವನ ಬಾಯಿಗೆ ಬರಲೇ ಇಲ್ಲ.

ಈಗ ಅರಸರಿಗೆ ಗಂಡುಮಗು ಹುಟ್ಟಿತ್ತು. ನಾಮಕರಣದ ಸಂತೋಷಕ್ಕೆ ಒಬ್ಬ ಕೈದಿಯನ್ನು ಬಿಡುವುದು ಅರಮನೆಯ ರೂಢಿ.

ಸೆರೆಮನೆಯಲ್ಲಿ ಕೋಳಿ ಕದ್ದವರಿದ್ದರು. ಸುಂಕ ಕಟ್ಟಲಾರದೆ ಬಂದವರಿದ್ದರು. ತಾವು ಯಾಕೆ ಒಳಗಿದ್ದೇವೆ ಎಂಬುದೇ ಮರೆತುಹೋದ ಮುದುಕರೂ ಇದ್ದರು. ಅರಸರ ಕಣ್ಣಿಗೆ ಬಿದ್ದವನು ಮಾತ್ರ ಮುದ್ದರಾಜ. ಅರಸರ ಕಿವಿಯ ಪಕ್ಕ ಯಾವಾಗಲೂ ದಳವಾಯಿಗಳೇ ನಿಂತಿರುತ್ತಿದ್ದರಲ್ಲ.

ಇನ್ನೊಂದು ರೂಢಿಯೂ ಇತ್ತು. ಬಿಡುಗಡೆಯಾದವನು ಮನೆಗೆ ಹೋಗುವ ಮುಂಚೆ ಆಶ್ರಮದ ಪಂಕ್ತಿಯಲ್ಲಿ ಊರವರ ಜೊತೆ ಕೂತು ಉಣ್ಣಬೇಕು. ಅಡುಗೆ ಮಾಡಿದ ಕೈಯೇ ಬಡಿಸಬೇಕು. ಎಲ್ಲರೂ ಉಂಡು ಪಂಕ್ತಿ ಎದ್ದಿತೆಂದರೆ ಮುಗಿಯಿತು. ಅವನು ಮಾಡಿದ್ದನ್ನು ಆಮೇಲೆ ಯಾರೂ ಎತ್ತಿ ಆಡುವಂತಿಲ್ಲ. ಅವನಿಂದ ಸತ್ತವರ ಹೆಸರನ್ನೂ ಊರಿನಲ್ಲಿ ಹೇಳುವಂತಿಲ್ಲ.

ಅಡುಗೆ ಮಾಡುವ ಕೈ ಸಂಕಮ್ಮನದು.

ಸುದ್ದಿ ಬಂದ ದಿನದಿಂದ ಊರು ಎರಡು ಪಾಲಾಯಿತು. ಎರಡೂ ಪಾಲು ಒಟ್ಟಿಗೆ ಸೇರುತ್ತಿದ್ದುದು ಆಶ್ರಮದಲ್ಲಿ, ಊಟದ ಹೊತ್ತಿಗೆ.

"ಕ್ಷಮೆಗಿಂತ ದೊಡ್ಡದು ಯಾವುದಿದೆ?" ಎಂದರು ಊರಿನ ಪಟೇಲರು. "ಹುಡುಗ. ರಕ್ತ ಬಿಸಿ ಇತ್ತು. ಸಂಕಮ್ಮ, ಸಾರು ಈ ಕಡೆ."

"ಬಿಸಿ ರಕ್ತದವರೆಲ್ಲ ಹೆಂಗಸರನ್ನ ಹೊಳೆಗೆ ಅದ್ದುತ್ತಾ ಹೋಗಲಿ ಹಾಗಾದ್ರೆ," ಎಂದ ಎಣ್ಣೆಗಾಣದ ಭದ್ರಪ್ಪ. "ಅವತ್ತೇ ನೇಣಿಗೆ ಹಾಕಬೇಕಿತ್ತು. ನಮ್ಮನೇಲೂ ಹೆಣ್ಣುಮಕ್ಕಳಿದ್ದಾರೆ. ಉಪ್ಪಿನಕಾಯಿ ಇಲ್ವಾ ಇವತ್ತು?"

"ಬಿಡೋದು ಅರಸರ ಅಧಿಕಾರ. ಕೇಳೋಕೆ ನೀನ್ಯಾರಯ್ಯ?"

"ಮತ್ತೆ ತೀರ್ಪು ಕೊಟ್ಟ ನ್ಯಾಯಾಧಿಕಾರಿ ಅಲ್ಲಿ ಕೂತು ಕಡಲೆಕಾಯಿ ಸುಲೀತಿದ್ನಾ?"

ಪಂಕ್ತಿ ನಕ್ಕಿತು. ಸಂಕಮ್ಮ ಬಡಿಸುತ್ತಾ ಹೋದಳು. ಒಬ್ಬರೂ ಅವಳ ಮುಖ ನೋಡಲಿಲ್ಲ. ಎಲೆ ನೋಡಿದರು, ಸೌಟು ನೋಡಿದರು.

ಆ ಕೊನೆಯಲ್ಲಿ ಹಲ್ಲಿಲ್ಲದ ಮುದುಕನೊಬ್ಬ ರೊಟ್ಟಿಯನ್ನು ನೆನೆಸಿ ನೆನೆಸಿ ತಿನ್ನುತ್ತಿದ್ದ. ಉಳಿದವರ ಎಂಜಲು ಕೈ ಒಣಗಿತು.

ಪಟೇಲರು ಎದ್ದೇಳಲು ನೋಡಿದರು. ಬಾಗಿಲಿಗೆ ಒರಗಿದ್ದ ಗುರುಗಳು ಕೆಮ್ಮಿದರು. ಪಟೇಲರು ಮತ್ತೆ ಕೂತರು.

ಆಶ್ರಮದಲ್ಲಿ ಕೊನೆಯವನ ಊಟ ಆಗುವವರೆಗೆ ಯಾರೂ ಏಳುವಂತಿಲ್ಲ. ಅರಸರೇ ಬಂದರೂ ಅಷ್ಟೇ. ಗುರುಗಳೊಬ್ಬರು ಮಾತ್ರ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಅವರ ಮಂಡಿ ಮಡಚುತ್ತಿರಲಿಲ್ಲ. ಎಲ್ಲರೂ ಎದ್ದ ಮೇಲೆ ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತೇ ಒಂದು ಬಟ್ಟಲು ಗಂಜಿ ಕುಡಿಯುತ್ತಿದ್ದರು.

ಕೈ ತೊಳೆದ ಪಟೇಲರು ಅಡುಗೆಮನೆಯ ಬಾಗಿಲಿಗೆ ಬಂದರು.

"ನೋಡು ಸಂಕಮ್ಮ, ಮನಸ್ಸು ದೊಡ್ಡದು ಮಾಡ್ಕೋ. ನೀನು ನಗುತ್ತಾ ಬಡಿಸಿದರೆ ಊರಿಗೇ ನೆಮ್ಮದಿ."

"ನೆಮ್ಮದಿ ಊರಿಗೆ, ಮನಸ್ಸು ಮಾತ್ರ ನನ್ನದು. ಒಳ್ಳೇ ಹಂಚಿಕೆ ಗೌಡ್ರೇ."

ಅವರು ಹೋದ ಮೇಲೆ ಹಿತ್ತಲ ಕಡೆಯಿಂದ ಭದ್ರಪ್ಪ ಬಂದ. ದನಿ ತಗ್ಗಿಸಿದ.

"ಅವನ ಎಲೆಗೆ ಮಾತ್ರ ಏನಾದ್ರೂ ಬೆರೆಸಿಬಿಡು ತಂಗೀ. ಬೇಕಾದ್ದು ನಾನು ತಂದುಕೊಡ್ತೀನಿ."

"ಸಿಟ್ಟು ನಿನ್ನದು, ಸೌಟು ನನ್ನದು. ಆಮೇಲೆ ನೇಣಿಗೆ ಹೋಗೋ ಕುತ್ತಿಗೆ ಯಾರದಣ್ಣಾ?"

ಭದ್ರಪ್ಪನಿಗೆ ಗಾಣದಲ್ಲಿ ಏನೋ ಕೆಲಸ ನೆನಪಾಯಿತು.

ಸಂಕಮ್ಮ ಗಂಜಿಯ ಬಟ್ಟಲನ್ನು ಗುರುಗಳ ಮುಂದೆ ತುಸು ಜೋರಾಗಿಯೇ ಕುಕ್ಕಿದಳು.

"ಅರಸರಿಗೆ ಬೇಡ ಅಂತ ನೀವಾದರೂ ಹೇಳಬಾರದಾ ಬುದ್ಧಿ?"

"ಹೇಳಿ ಕಳಿಸಿದೆ."

"ಏನಂದರು?"

"ಹಣ್ಣು ಹಂಪಲು ಕಳಿಸಿಕೊಟ್ಟರು."

ಮೂಲೆಯಲ್ಲಿ ಬಾಳೆಗೊನೆ ಇತ್ತು. ಇಬ್ಬರೂ ಅದನ್ನು ನೋಡಿದರು. ಅದರ ಸುತ್ತ ಆಗಲೇ ನೊಣ ಹಾರುತ್ತಿದ್ದವು.

"ನಾನು ಅವನನ್ನು ಕ್ಷಮಿಸಬೇಕಾ?"

"ಅವನು ನಿನ್ನನ್ನು ಮುಳುಗಿಸಿದನಾ?"

"ಇಲ್ಲ."

ಗುರುಗಳು ಗಂಜಿ ಕುಡಿದರು.

"ಹಾಗಾದರೆ ಕ್ಷಮಿಸಬಾರದಾ?"

"ಅದನ್ನೂ ನಾನು ಹೇಳಲಿಲ್ಲ."

"ಯಾವುದನ್ನು ತಾನೇ ಹೇಳ್ತೀರಿ ನೀವು? ಇಷ್ಟು ವರ್ಷ ಬೇಯಿಸಿ ಹಾಕಿದೆ. ಒಂದು ಮಾತು ಹುಟ್ಟಲಿಲ್ಲ."

"ನನಗೂ ಸುಸ್ತಾಗಿದೆ ಸಂಕಮ್ಮ," ಎಂದರು ಗುರುಗಳು.

ಪಂಕ್ತಿಯ ದಿನ ಬಂತು.

ಬೆಳಕು ಹರಿಯುತ್ತಲೇ ಸಂಕಮ್ಮ ಎರಡು ಸೀರೆ ಗಂಟು ಕಟ್ಟಿಕೊಂಡು ದೋಣಿ ಹತ್ತಲು ಹೊಳೆಗೆ ಇಳಿದಳು. ಮೆಟ್ಟಿಲ ಮೇಲೆ ಗುರುಗಳು ನಿಂತಿದ್ದರು, ಕೋಲು ಊರಿಕೊಂಡು.

"ಹೊರಟೆಯಾ?"

"ಹೊರಟೆ. ನಾನು ಬಡಿಸಿದರೆ ನಿಂಗಿಯ ಹೆಸರು ಇವತ್ತಿಗೆ ಮುಗೀತು. ಬಡಿಸದೆ ಇದ್ದರೆ ಆಶ್ರಮದಲ್ಲೇ ಅನ್ನ ಇಲ್ಲ ಅಂದರು ಅಂತ ನಿಮ್ಮ ಮುಖಕ್ಕೆ ಉಗೀತಾರೆ. ನನ್ನಿಂದ ಎರಡೂ ಆಗಲ್ಲ. ಬೇರೆ ಯಾರಾದ್ರೂ ಬೇಯಿಸಲಿ, ಬಡಿಸಲಿ, ದೊಡ್ಡವರಾಗಲಿ."

"ಹೋಗು," ಎಂದರು ಗುರುಗಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅವಳು ಎರಡು ಮೆಟ್ಟಿಲು ಇಳಿದಳು.

"ನಿಂಗಿಗೆ ಊಟಕ್ಕೆ ಏನು ಇಷ್ಟ ಇತ್ತು?"

ಸಂಕಮ್ಮ ನಿಂತಳು. ಇಷ್ಟು ಕಾಲ ಊರು ನಿಂಗಿ ಹೇಗೆ ಸತ್ತಳು ಎಂದು ಕೇಳಿತ್ತು. ಎಷ್ಟು ಹೊತ್ತು ಒದ್ದಾಡಿದಳು ಎಂದೂ ಕೇಳಿತ್ತು. ಇದನ್ನು ಯಾರೂ ಕೇಳಿರಲಿಲ್ಲ.

"ಸೌತೆಕಾಯಿ ಹುಳಿ," ಎಂದಳು. "ಬೇಳೆ ಕಮ್ಮಿ, ಕೊತ್ತಂಬರಿ ಜಾಸ್ತಿ. ಬೆಳೆಯೋಳು ಅವಳೇ, ಆದರೆ ಹೆಚ್ಚೋಕೆ ಬೇಯಿಸೋಕೆ ನಾನು. ಕೂತು ತಟ್ಟೆ ಬಡೀತಿದ್ದಳು ಸೋಮಾರಿ."

ನಗಲು ಹೋದಳು. ಆಗಲಿಲ್ಲ.

"ಈಚೆಗೆ ಮಾಡಿದ್ದೀಯಾ?"

"ಅವಳು ಹೋದ ಮೇಲೆ ಸೌತೆಕಾಯಿ ಮುಟ್ಟಿಲ್ಲ."

"ಇವತ್ತು ಮಾಡು."

"ಅವನಿಗಾ?"

"ನಿಂಗಿಗೆ," ಎಂದರು ಗುರುಗಳು.

ದೋಣಿ ಬಂತು. ಸಂಕಮ್ಮ ಗಂಟು ಹಿಡಿದು ನಿಂತೇ ಇದ್ದಳು. ದೋಣಿ ಹೋಯಿತು. ಅವಳು ಮೆಟ್ಟಿಲು ಹತ್ತಿ, ಗಂಟನ್ನು ಮೂಲೆಗೆ ಎಸೆದು, ಒಲೆ ಹಚ್ಚಿದಳು.

ಮಧ್ಯಾಹ್ನ ಊರೆಲ್ಲ ಬಂದಿತ್ತು. ದಳವಾಯಿಗಳು ರೇಷ್ಮೆ ಪಂಚೆಯಲ್ಲಿ ಬಂದರು. ಪಟೇಲರು ಬಂದರು. ನೇಣು ಹಾಕಬೇಕೆಂದಿದ್ದ ಭದ್ರಪ್ಪನೂ ಬಂದ. ಊಟ ಬಿಡುವಷ್ಟು ಕೋಪ ಅವನಿಗಿರಲಿಲ್ಲ.

ಕೊನೆಗೆ ಮುದ್ದರಾಜ ಬಂದ. ಸಂಕಮ್ಮ ಅಡುಗೆಮನೆಯ ಕಂಡಿಯಿಂದ ನೋಡಿದಳು. ಕುದುರೆಯ ಮೇಲಿನ ಗಂಡಸೊಬ್ಬನನ್ನು ಇಷ್ಟು ಕಾಲ ಅವಳು ಒಳಗೆ ಸಾಕಿಕೊಂಡಿದ್ದಳು. ಬಂದವನು ಸೊರಗಿದ, ಅರ್ಧ ಕೂದಲು ನರೆತ ಯಾರೋ. ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ. ಕೂರು ಎಂದರೆ ಕೂರುತ್ತಿದ್ದ, ನಿಲ್ಲು ಎಂದರೆ ನಿಲ್ಲುತ್ತಿದ್ದ.

ಅವಳಿಗೆ ಅದಕ್ಕೂ ಸಿಟ್ಟು ಬಂತು. ಇವನು ಹೀಗಾಗಿದ್ದು ನಿಂಗಿಗೆ ಯಾವ ಉಪಯೋಗಕ್ಕೆ?

ಗುರುಗಳು ತಾವೇ ಎಲೆ ಹಾಕುತ್ತಾ ಬಂದರು. ಬಾಗುವಾಗೆಲ್ಲ ಕೆಮ್ಮಿದರು. ಮುದ್ದರಾಜನ ಮುಂದೆ ಒಂದು ಎಲೆ. ಅವನ ಪಕ್ಕ, ಯಾರೂ ಕೂರದ ಜಾಗದಲ್ಲಿ, ಇನ್ನೊಂದು.

"ಯಾರೋ ಬರೋದಿದೆಯೇನೋ," ಎಂದರು ಪಟೇಲರು.

"ಸಂಕಮ್ಮ, ಮೊದಲು ಈ ಎಲೆಗೆ ಬಡಿಸು," ಎಂದರು ಗುರುಗಳು.

ಅವಳಿಗೆ ಅರ್ಥವಾಯಿತು. ಖಾಲಿ ಜಾಗದ ಎಲೆಗೆ ಅನ್ನ ಹಾಕಿದಳು. ಹುಳಿ ಹಾಕಿದಳು. ಸೌತೆಯ ಹೋಳುಗಳನ್ನು ಹುಡುಕಿ ಹುಡುಕಿ ಹಾಕಿದಳು. ಆಮೇಲೆ ಮುದ್ದರಾಜನ ಎಲೆಗೆ ಬಂದಳು. ಎಲ್ಲರಿಗೂ ಹಾಕಿದಷ್ಟೇ ಹಾಕಿದಳು.

ಹುಳಿಯ ವಾಸನೆ ಮೂಗಿಗೆ ಬಡಿದಾಗ ಮುದ್ದರಾಜ ತಲೆ ಎತ್ತಿದ. ಎಲೆಯಲ್ಲಿದ್ದ ಸೌತೆ ಹೋಳು ನೋಡಿದ. ಪಕ್ಕದ ಎಲೆ ನೋಡಿದ. ಸಂಕಮ್ಮನ ಮುಖ ನೋಡಿದ. ಅಕ್ಕತಂಗಿಯರದು ಒಂದೇ ಹಣೆ, ಒಂದೇ ಹುಬ್ಬು.

ಅವನು ತಲೆ ಬಗ್ಗಿಸಿ ಉಂಡ.

ಒಬ್ಬೊಬ್ಬರದೇ ಊಟ ಮುಗಿಯಿತು. ದಳವಾಯಿಗಳು ತೃಪ್ತಿಯಿಂದ ತೇಗಿದರು.

"ಏಳೋಣವೇ ಗುರುಗಳೇ? ಅರಮನೆಯಲ್ಲಿ ಕಾಯುತ್ತಿದ್ದಾರೆ."

"ಪಂಕ್ತಿಯಲ್ಲಿ ಇನ್ನೊಬ್ಬರ ಊಟ ಆಗಿಲ್ಲ."

ದಳವಾಯಿಗಳು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. "ಎಲ್ಲರದೂ ಆಯಿತಲ್ಲ."

ಗುರುಗಳು ಆ ಎಲೆಯ ಕಡೆ ನೋಡಿದರು. ಹುಳಿಯ ಮೇಲೆ ಆಗಲೇ ಕೆನೆ ಕಟ್ಟಿದಂತಾಗಿತ್ತು.

"ಅಲ್ಲಿ ಯಾರೂ ಇಲ್ಲ!"

"ಯಾರದಪ್ಪ ಆ ಎಲೆ?" ಗುರುಗಳು ಕೇಳಿದ್ದು ಮುದ್ದರಾಜನನ್ನು. "ನಿನ್ನ ಮಾವನವರಿಗೆ ಹೇಳು."

ಮುದ್ದರಾಜನ ಎಂಜಲು ಕೈ ಎಲೆಯ ಮೇಲೆ ಹಾಗೇ ಇತ್ತು. ಹೊಳೆಯ ಸದ್ದು ಕೇಳಿಸಿತು.

"ನಿಂಗಮ್ಮನದು," ಎಂದ.

ಸಂಕಮ್ಮ ಕಂಬ ಹಿಡಿದುಕೊಂಡಳು.

ದಳವಾಯಿಗಳ ಮುಖ ಕೆಂಪಾಯಿತು. ಎದ್ದು ಹೋಗಬಹುದಿತ್ತು. ಆದರೆ ಪಂಕ್ತಿ ಅರ್ಧದಲ್ಲಿ ಎದ್ದರೆ ಊಟ ಕೆಟ್ಟಂತೆ. ಊಟ ಕೆಟ್ಟರೆ ಊರಿನ ಬಾಯಿ ಮುಚ್ಚುವುದಿಲ್ಲ. ಅಳಿಯನನ್ನು ಇಲ್ಲಿಗೆ ಕರೆತಂದದ್ದೇ ಆ ಬಾಯಿ ಮುಚ್ಚಿಸಲು.

"ಅರಸರು ಬಿಟ್ಟಾಗಿದೆ ಗುರುಗಳೇ. ಅವರ ಮಾತಿಗೆ ಬೆಲೆ ಇಲ್ಲವೇ?"

"ಇದೆ. ಸೆರೆಮನೆಯ ಬಾಗಿಲು ಅವರದು. ಅವರು ತೆಗೆದರು. ಈ ಎಲೆ ಅವರದಲ್ಲ."

ಪಟೇಲರಿಗೆ ಕೂತು ಕೂತು ಸೊಂಟ ಹಿಡಿದಿತ್ತು. "ಅಯ್ಯೋ, ಇದಕ್ಕೇನು ದಾರಿ ಇಲ್ವಾ? ಸಂಕಮ್ಮ, ನೀನು ಒಡಹುಟ್ಟಿದೋಳು. ತಂಗಿ ಹೆಸರು ಹೇಳಿ ನೀನೇ ಒಂದು ತುತ್ತು ಉಂಡು ಎಲೆ ಮಡಚಿಬಿಡಮ್ಮ."

ಎಲ್ಲರೂ ಅವಳ ಕಡೆ ತಿರುಗಿದರು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಮುಖ ನೋಡಿದರು.

"ಉಂಡುಬಿಡಮ್ಮ," ಎಂದ ಭದ್ರಪ್ಪನೂ. "ಎಷ್ಟು ಹೊತ್ತು ಅಂತ ಕೂರೋದು?"

ಸಂಕಮ್ಮ ಗುರುಗಳನ್ನು ನೋಡಿದಳು. ಅವರು ಹೊಳೆ ನೋಡುತ್ತಿದ್ದರು.

"ಅವಳ ಹಸಿವು ನನಗೆ ಹೇಗೆ ಬರುತ್ತೆ ಗೌಡ್ರೇ?" ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಅವಳಿಗೇ ಆಶ್ಚರ್ಯವಾಯಿತು. ಸೌಟನ್ನು ಪಾತ್ರೆಯೊಳಗೆ ಇಟ್ಟಳು.

ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ಕೈಗಳು ಒಣಗಿದವು. ಕಾಗೆಯೊಂದು ಬಂದು, ನೋಡಿ, ಹಾರಿಹೋಯಿತು.

ದಳವಾಯಿಗಳು ಅಳಿಯನ ತೋಳಿಗೆ ಕೈ ಹಾಕಿದರು. "ಏಳೋ. ಆದದ್ದಾಗಲಿ, ಏಳು."

ಮುದ್ದರಾಜ ತೋಳು ಬಿಡಿಸಿಕೊಂಡ.

"ನೀವು ಏಳಿ ಮಾವ. ನಾನು ಕೂತಿರ್ತೀನಿ."

"ಹುಚ್ಚೇನೋ ನಿನಗೆ? ಸತ್ತವಳು ಉಣ್ಣೋದು ಯಾವಾಗ, ನೀನು ಏಳೋದು ಯಾವಾಗ? ಗುರುಗಳೇ, ನೀವಾದರೂ ಹೇಳಿ, ಎಲ್ಲಿವರೆಗೆ ಇವನು ಹೀಗೆ ಕೂರಬೇಕು?"

ಗುರುಗಳು ಕೋಲನ್ನು ಗೋಡೆಗೆ ಒರಗಿಸಿದರು. ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದನ್ನು ನೆಲಕ್ಕೆ ಊರಿ, ಮಡಚದ ಮಂಡಿಗಳನ್ನು ಮಡಚುತ್ತಾ, ಮುದ್ದರಾಜನ ಇನ್ನೊಂದು ಪಕ್ಕದಲ್ಲಿ ನಿಧಾನವಾಗಿ ಕೆಳಗೆ ಕೂತರು. ಕೆಮ್ಮು ನಿಲ್ಲುವವರೆಗೆ ಕಾದರು.

"ಸಂಕಮ್ಮ, ನನಗೂ ಒಂದು ಎಲೆ ಹಾಕು."