ಬಾಗಿಲು ತೆರೆಯಿತು, ವೈದ್ಯ ಏಳಲಿಲ್ಲ

“ಅವ್ವಾ, ಮಾಂತ್ರಿಕನ ಮಂತ್ರವನ್ನು ಎಷ್ಟು ಕತ್ತರಿಸಿದರೆ ಆಟ ಸಮವಾಗುತ್ತದೆ?” ಎಂದು ಶಾಂಭವಿ ಕೇಳಿದಳು.

ಕತೆ ಕಟ್ಟುವುದನ್ನು ಅವಳು ಮುದುಕಿ ಕತೆಗಾರ್ತಿ ಪಾರವ್ವನ ಹತ್ತಿರ ಕಲಿಯುತ್ತಿದ್ದಳು. ಭಾನುವಾರ ಬಂದರೆ ಗೆಳೆಯರನ್ನು ಮೇಜಿನ ಸುತ್ತ ಕೂರಿಸಿ, ದಾಳ ಹಾಕಿಸಿ ಕತೆಯಾಟ ನಡೆಸುತ್ತಿದ್ದಳು. ಊರು, ಕಾಡು, ಕಳ್ಳರು ಎಲ್ಲ ಅವಳ ಬಾಯಲ್ಲೇ. ಆಡುವವರಲ್ಲಿ ಒಬ್ಬ ಮಾಂತ್ರಿಕ. ಇನ್ನೊಬ್ಬ, ಇರ್ಫಾನ, ಕತ್ತಿಯ ವೀರ. ಕಷ್ಟ ಬಂದಾಗಲೆಲ್ಲ ಮಾಂತ್ರಿಕ ಒಂದು ಮಂತ್ರ ಹೇಳಿ ಮುಗಿಸಿಬಿಡುತ್ತಿದ್ದ. ವೀರನೆನಿಸಿಕೊಂಡವನು ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದ. ಈ ಭಾನುವಾರವೂ ಹೀಗೇ ಆದರೆ ಇನ್ನು ಬರುವುದಿಲ್ಲ ಎಂದು ಅವನು ಹೇಳಿಬಿಟ್ಟಿದ್ದ. ಅವನು ಎದ್ದರೆ ಆಟವೇ ಎದ್ದುಹೋದಂತೆ. ವಿಡಿಯೋ ಗೇಮಿನಲ್ಲಿ ಮಂತ್ರಕ್ಕೆ ಅಳತೆ ಇಟ್ಟಿರುತ್ತಾರೆ, ನಾನೂ ಅಳೆದೇ ಕೊಡುತ್ತೇನೆ, ಬಿಡುವುದಿಲ್ಲ ಎಂದು ಶಾಂಭವಿ ಹಟ ಹಿಡಿದಿದ್ದಳು.

ಪಾರವ್ವ ಕತೆ ಹೇಳಿದಳು.

ಒಬ್ಬ ಮಾಂತ್ರಿಕನಿದ್ದ. ಎಂಥ ಬಾಗಿಲನ್ನೂ ತೆರೆಯುವ ಮಂತ್ರ ಅವನಿಗೆ ಗೊತ್ತಿತ್ತು. ಜೊತೆಗೆ ಒಬ್ಬ ಕತ್ತಿಯವನಿದ್ದ. ಇಬ್ಬರೂ ಮೊದಲು ಗೊಂಬೆಗಳ ಊರಿಗೆ ಹೋದರು. ಆ ಊರನ್ನು ಒಬ್ಬ ಬಡಗಿ ಕಟ್ಟಿದ್ದ. ಗೊಂಬೆಗಳು ನಡೆಯುತ್ತಿದ್ದವು, ಕೈ ಮುಗಿಯುತ್ತಿದ್ದವು. ಯಾರ ಮನೆಗೆ ಯಾರು ನುಗ್ಗಿದರೂ ಯಾಕೆ ಎನ್ನುತ್ತಿರಲಿಲ್ಲ. ಪಾಪ, ಕಲಿಸಿದ್ದಷ್ಟೇ ಅವಕ್ಕೆ ಗೊತ್ತು. ಅದಕ್ಕೇ ಬಡಗಿ, ಇಲ್ಲಿ ಮಂತ್ರ ದಿನಕ್ಕೆ ಮೂರೇ ಸಲ ನಡೆಯತಕ್ಕದ್ದು ಎಂದು ಕಟ್ಟು ಮಾಡಿದ್ದ. ಅವನು ಮಾಡಿದ್ದು ಸರಿ. ಕೇಳುವವರಿಲ್ಲದ ಊರಿಗೆ ಅಳತೆಯೇ ಕಾವಲು.

ಆಮೇಲೆ ಮನುಷ್ಯರ ಊರಿಗೆ ಬಂದರು. ಅಲ್ಲಿ ಯಾವ ಕಟ್ಟೂ ಇರಲಿಲ್ಲ. ಅಲ್ಲಿದ್ದ ಅವರ ಗೆಳೆಯನೊಬ್ಬನ ಮೇಲೆ ಸುಳ್ಳು ಹೊರಿಸಿ ಒಬ್ಬ ವ್ಯಾಪಾರಿ ಅವನನ್ನು ಉಗ್ರಾಣದಲ್ಲಿ ಕೂಡಿಹಾಕಿದ್ದ. ಗೆಳೆಯನಿಗೆ ಜ್ವರ ಏರಿತ್ತು. ಕತ್ತಿಯವನು ಕತ್ತಿಗೆ ಕೈಹಾಕುವ ಮೊದಲೇ ಮಾಂತ್ರಿಕ ಬಾಗಿಲು ತೆರೆದು ಅವನನ್ನು ಹೊರಗೆ ತಂದ. ಇನ್ನು ನನ್ನ ಕೆಲಸವೇನು ಎಂದು ಕತ್ತಿಯವನು ಊರು ಬಿಡಲು ಗಂಟು ಕಟ್ಟಿದ.

ಆದರೆ ಎದುರು ಮನೆಯ ಮುದುಕಿ ನೋಡಿದ್ದಳು. ಕೀಲಿಕೈ ಇಲ್ಲದೆ ಬೀಗ ಕಳಚಿತು ಎಂದು ಬಾವಿಕಟ್ಟೆಯಲ್ಲಿ ಹೇಳಿದಳು. ಕೊಡ ತುಂಬುವುದರೊಳಗೆ ಸುದ್ದಿ ಊರು ತುಂಬಿತು. ಅಕ್ಕಸಾಲಿಗನ ಹೆಂಡತಿ ತಾನೇ ಗುಟ್ಟಾಗಿ ಮದ್ದಳೆಯವನಿಗೆ ಕೊಟ್ಟ ಉಂಗುರವನ್ನೂ ಮಾಂತ್ರಿಕನೇ ಕದ್ದನೆಂದು ಅತ್ತಳು. ಉಂಗುರ ಯಾರ ಬೆರಳಲ್ಲಿದೆಯೆಂದು ಅರ್ಧ ಊರಿಗೆ ಗೊತ್ತಿತ್ತು. ಆದರೂ ಎಲ್ಲರೂ ಅವಳ ಜೊತೆ ಕೂತು ಅತ್ತರು. ಮಾಂತ್ರಿಕನಿಗೆ ಜಗಲಿ ಕೊಡುವವರಿಲ್ಲ, ನೀರು ಕೊಡುವವರಿಲ್ಲ.

ಹೊರಟಿದ್ದ ಕತ್ತಿಯವನೂ ಗಂಟಿನ ಸಮೇತ ಕೈಗೂಡಿಸಿದ, ಇಬ್ಬರೂ ಜ್ವರದವನನ್ನು ಹೊತ್ತು ವೈದ್ಯನ ಮನೆಗೆ ಹೋದರು. ಬಾಗಿಲು ಹಾಕಿತ್ತು. ಮಾಂತ್ರಿಕ ಮಂತ್ರ ಹೇಳಿದ. ಬಾಗಿಲು ತೆರೆಯಿತು, ವೈದ್ಯ ಏಳಲಿಲ್ಲ.

“ಬಾಗಿಲು ತೆರೆದೆಯಲ್ಲ, ನಾಡಿಯನ್ನೂ ನೀನೇ ನೋಡು,” ಎಂದ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ನಂಬಿಕೆ ಕಳೆದುಕೊಂಡ ಪರವೂರಿನವನಿಗೆ ಯಾರಾದರೂ ಹೊಣೆ ನಿಂತು, ತನ್ನ ಆಯುಧವನ್ನು ಹೊಸ್ತಿಲ ಹೊರಗಿಟ್ಟರೆ, ಮನೆಯವರು ಒಳಗೆ ಕರೆಯಬೇಕು. ಕತ್ತಿಯವನು ಗಂಟು ಕೆಳಗಿಟ್ಟ. ಕತ್ತಿ ಬಿಚ್ಚಿ ಹೊಸ್ತಿಲ ಹೊರಗಿಟ್ಟ.

“ಇವನು ಇನ್ನೊಂದು ಬಾಗಿಲು ಮುಟ್ಟಿದರೆ ನನ್ನ ಕೈ ಕಡಿಯಿರಿ,” ಎಂದ.

ವೈದ್ಯ ಎದ್ದು ಬಂದು ನಾಡಿ ಹಿಡಿದ. ಜ್ವರದವನು ಉಳಿದ. ಅಂದಿನಿಂದ ಮಾಂತ್ರಿಕ ಕತ್ತಿಯವನ ಮುಖ ನೋಡದೆ ಒಂದು ಮಂತ್ರವನ್ನೂ ಹೇಳಲಿಲ್ಲ.

ಶಾಂಭವಿ ಹಾಳೆ ತೆಗೆದು, ಹಾಗಾದರೆ ದಿನಕ್ಕೆ ಎಷ್ಟು ಸಲ ಎಂದು ಬರೆದುಕೊಳ್ಳಲಿ ಎಂದು ಮತ್ತೆ ಅದನ್ನೇ ಕೇಳಿದಳು.

ಪಾರವ್ವ ಅಂದಳು: “ಮಂತ್ರ ಹೆಚ್ಚಾಗಿಲ್ಲ ಮಗಳೇ, ನಿನ್ನ ಆಟದ ಊರಿಗೆ ಯಾಕೆ ಎನ್ನುವ ಬಾಯಿಲ್ಲ.”